ಕಾರಿನ ಯಾವ ಕೂಗಿಗೆ ಕಿವಿಗೊಡಬೇಕು, ಯಾವುದನ್ನು ಆಫ್ ಮಾಡಬಹುದು?

ಪ್ರಶ್ನೆ: ನಾನು ಮಂಡ್ಯದವಳು. ಮೈಸೂರಿನಲ್ಲಿ ಕೆಲಸ. ದಿನಾ ಹೊಸ ಹೈವೇಯಲ್ಲಿ ಕಾರಲ್ಲೇ ಹೋಗಿ ಬರುತ್ತೇನೆ. ನಾಲ್ಕು ತಿಂಗಳ ಹಿಂದೆ ಅಡಾಸ್ (ಕ್ಯಾಮೆರಾ, ರೇಡಾರ್ ಮೂಲಕ ರಸ್ತೆ ನೋಡಿ ಚಾಲಕರಿಗೆ ನೆರವಾಗುವ ವ್ಯವಸ್ಥೆ) ಇರುವ ಹೊಸ ಗಾಡಿ ತಗೊಂಡೆವು. ಸೇಫ್ಟಿ ಅಂತ ಹೆಚ್ಚಿಗೆ ದುಡ್ಡು ಕೊಟ್ಟು ತಗೊಂಡಿದ್ದು, ಈಗ ಅದೇ ತಲೆನೋವಾಗಿದೆ. 80 ದಾಟಿದರೆ ಪೀಪ್ ಪೀಪ್. ಲೈನ್ ಬದಲಾಯಿಸಿದರೆ ಸ್ಟೇರಿಂಗ್ ಎಳೆಯುತ್ತದೆ. ಮೊನ್ನೆ ಸರ್ವಿಸ್ ರೋಡಿನಲ್ಲಿ ಬೈಕೊಂದು ಅಡ್ಡ ಬಂದಾಗ ಗಾಡಿ ತಾನೇ ಬ್ರೇಕ್ ಹಾಕಿತು, ಹಿಂದೆ ಬರುತ್ತಿದ್ದ ಬಸ್ಸು ಸ್ವಲ್ಪದರಲ್ಲಿ ತಪ್ಪಿತು. ನಮ್ಮ ಮಾವನವರು ಹಿಂದೆ ಕೂತರೆ ಬೆಲ್ಟ್ ಹಾಕುವುದಿಲ್ಲ, ಸದ್ದು ತಡೆಯಲಾರದೆ ಬಕಲ್‌ಗೆ ಹಾಕುವ ಕ್ಲಿಪ್ ತಂದಿಟ್ಟಿದ್ದಾರೆ. ನಮ್ಮೂರು ಪಾಂಡವಪುರದ ಕಡೆ, ಕೊನೆಯ ಸ್ವಲ್ಪ ದೂರ ನಾಲೆ ಏರಿ ಮೇಲೇ ದಾರಿ. ಗಾಡಿ ಓಡುವಾಗ ಡೋರ್ ತಾನೇ ಲಾಕ್ ಆಗುತ್ತಲ್ಲ, ಅಕಸ್ಮಾತ್ ನಾಲೆಗೆ ಬಿದ್ದರೆ ಗತಿಯೇನು ಎಂಬುದು ಅತ್ತೆಯ ಭಯ. ಗೊತ್ತಿರುವ ಮೆಕ್ಯಾನಿಕ್ ಒಬ್ಬರು "ಫ್ಯೂಸ್ ಕಿತ್ತು ಎಲ್ಲಾ ಆಫ್ ಮಾಡಿಕೊಡ್ತೀನಿ, ನಮ್ಮ ರೋಡಿಗೆ ಇವೆಲ್ಲ ಆಗಿಬರಲ್ಲ" ಅನ್ನುತ್ತಾರೆ. ಮಾಡಿಸಲೇ?

ಉತ್ತರ: ಫ್ಯೂಸ್ ಕೀಳಿಸಬೇಡಿ. ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಈ ಸೌಲಭ್ಯಗಳಲ್ಲಿ ಕೆಲವು ನಮ್ಮ ಒಳರಸ್ತೆಗಳಿಗೆ ಹೊಂದುವುದಿಲ್ಲ. ಆದರೆ ಅವನ್ನು ಒಂದೊಂದಾಗಿ ಆಫ್ ಮಾಡಲು ಗಾಡಿಯ ಪರದೆಯಲ್ಲೇ ಮೆನು ಇದೆ. ಫ್ಯೂಸ್ ವಿಷಯ ಹಾಗಲ್ಲ. ಒಂದೇ ಫ್ಯೂಸಿನ ಮೇಲೆ ಎರಡು ಮೂರು ಕೆಲಸಗಳಿರಬಹುದು. ಬೀಪ್ ನಿಲ್ಲಿಸಲು ಹೋಗಿ ಇಎಸ್‌ಸಿಯೋ (ಗಾಡಿ ಅಡ್ಡ ಜಾರದಂತೆ ಹಿಡಿಯುವ ವ್ಯವಸ್ಥೆ) ಏರ್‌ಬ್ಯಾಗೋ ಸುಮ್ಮನಾದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಉರಿಯುತ್ತದೆ ಅಷ್ಟೇ. ದಿನಾ ನೋಡಿ ನೋಡಿ ಆ ದೀಪವೂ ಕಣ್ಣಿಗೆ ಬೀಳದಂತಾಗುತ್ತದೆ. ವಾರಂಟಿ ತಕರಾರು ಬೇರೆ.

ಕಿರಿಕಿರಿ ಎಷ್ಟು ಎಂಬುದರಿಂದ ಉಪಯೋಗ ಅಳೆಯಲು ಬರುವುದಿಲ್ಲ. ನಿಮ್ಮ ಗಾಡಿಯಲ್ಲಿ ಜೀವ ಉಳಿಸುವ ಕೆಲಸ ಹೆಚ್ಚು ಮಾಡುವಂಥವು ಬೆಲ್ಟ್, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ), ಇಎಸ್‌ಸಿ. ಇವುಗಳಲ್ಲಿ ಬೆಲ್ಟ್ ಬಿಟ್ಟರೆ ಉಳಿದೆರಡು ಸದ್ದೇ ಮಾಡುವುದಿಲ್ಲ, ಹಾಗಾಗಿ ಯಾರೂ ಅವುಗಳ ಬಗ್ಗೆ ದೂರುವುದಿಲ್ಲ, ಹೊಗಳುವುದೂ ಇಲ್ಲ. ಆದರೂ ಎಬಿಎಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಜೋರಾಗಿ ಬ್ರೇಕ್ ತುಳಿದಾಗ ಪೆಡಲ್ ಕಾಲಿನಡಿ ಗಡಗಡ ನಡುಗುತ್ತದೆ. ಗೊತ್ತಿಲ್ಲದವರು ಏನೋ ಮುರಿಯಿತೆಂದು ಹೆದರಿ ಕಾಲು ಸಡಿಲಿಸುತ್ತಾರೆ, ಅಲ್ಲೇ ಅಪಘಾತವಾಗುತ್ತದೆ. ನಡುಗಿದರೂ ಪೂರ್ತಿ ಒತ್ತಿಯೇ ಹಿಡಿಯಬೇಕು, ಜೊತೆಗೆ ಸ್ಟೇರಿಂಗ್ ತಿರುಗಿಸಿ ಪಕ್ಕಕ್ಕೆ ಸರಿಯಬೇಕು. ಎಬಿಎಸ್ ಇರುವುದೇ ಬ್ರೇಕ್ ಹಿಡಿದಾಗಲೂ ಸ್ಟೇರಿಂಗ್ ಮಾತು ಕೇಳಲಿ ಎಂದು. ಹಿಂದೆ ಮುಂದೆ ಯಾರೂ ಇಲ್ಲದ ಖಾಲಿ ಜಾಗದಲ್ಲಿ 40ರ ವೇಗದಲ್ಲಿ ಹೋಗಿ ಒಮ್ಮೆ ಪೂರ್ತಿ ತುಳಿದು ನೋಡಿ. ಸಡಿಲ ಜಲ್ಲಿಯೋ ಒದ್ದೆ ನೆಲವೋ ಇದ್ದರೆ ಆ ನಡುಕ ಸುಲಭವಾಗಿ ಕಾಲಿಗೆ ಸಿಗುತ್ತದೆ.

ಈಗ 80ರ ಬೀಪ್. ಇದು ಕಂಪನಿಯ ಚಾಳಿಯಲ್ಲ, ಕಾನೂನು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ವೇಗದ ಎಚ್ಚರಿಕೆ ಕಡ್ಡಾಯ. 80 ದಾಟಿದರೆ ನಿಮಿಷಕ್ಕೊಮ್ಮೆ ಸದ್ದು, 120 ದಾಟಿದರೆ ಬಿಡದೆ ಸದ್ದು. ಮೆನುವಿನಲ್ಲಿ ಇದನ್ನು ಆಫ್ ಮಾಡಲು ಬರುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರವರೆಗೆ ಅವಕಾಶ ಇರುವಾಗ 80ಕ್ಕೇ ಕೂಗುವುದು ಅತಿಯಾಯಿತು ಎಂಬ ದೂರು ನ್ಯಾಯವೇ. ಆದರೂ ಒಂದು ಲೆಕ್ಕ ನೋಡಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಪೂರ್ತಿ ದಾರಿ 100ರಲ್ಲೇ ಹೋದರೆ 27 ನಿಮಿಷ, 80ರಲ್ಲಿ 34. ಉಳಿಯುವುದು 7 ನಿಮಿಷ, ಅದೂ ಕಾಗದದ ಮೇಲೆ. ಇನ್ನು ಬ್ರೇಕಿನ ಲೆಕ್ಕ. ಒಣ ರಸ್ತೆ, ಒಳ್ಳೆಯ ಟೈರು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಎಂದಿಟ್ಟುಕೊಂಡರೆ 80ರಲ್ಲಿರುವ ಕಾರು ನಿಲ್ಲಲು ಹೆಚ್ಚುಕಡಿಮೆ 57 ಮೀಟರ್ ಬೇಕು. 100ರಲ್ಲಿರುವುದಕ್ಕೆ 83. ಅಂದರೆ 80ರ ಕಾರು ನಿಂತುಬಿಟ್ಟ ಜಾಗವನ್ನು 100ರ ಕಾರು ಇನ್ನೂ 65–70ರ ವೇಗದಲ್ಲಿ ದಾಟುತ್ತಿರುತ್ತದೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದು ರೂಢಿ, ಕಡಿಮೆಯಂತೂ ತೋರಿಸಬಾರದೆಂಬ ನಿಯಮವಿದೆ. ಬೀಪ್ ಬೇಡವೆಂದರೆ, ವೇಗವನ್ನು ತಾನೇ ಒಂದೇ ಸಮ ಹಿಡಿದಿಡುವ ಕ್ರೂಸ್ ಕಂಟ್ರೋಲನ್ನು 79ಕ್ಕೆ ಕೂರಿಸಿ ಎಡದ ಲೇನಿನಲ್ಲಿ ಹೋಗುವುದು ಒಂದು ದಾರಿ. ನಿಮಿಷಕ್ಕೊಂದು ಬೀಪ್ ಸಹಿಸಿಕೊಂಡು 95ರಲ್ಲಿ ಹೋಗುವುದು ಇನ್ನೊಂದು. ಎರಡೂ ಕಾನೂನಿಗೆ ಒಪ್ಪುತ್ತವೆ.

ಸ್ಟೇರಿಂಗ್ ಎಳೆತದ ದೂರು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕುತ್ತೀರಾ? ಹಾಕಿದರೆ, ಗಾಡಿಯನ್ನು ಗೆರೆಯೊಳಗೆ ಇಡಲು ಸ್ಟೇರಿಂಗ್ ಎಳೆಯುವ ಲೇನ್ ಅಸಿಸ್ಟ್ ಸುಮ್ಮನಿರುತ್ತದೆ. ಹಾಕದಿದ್ದರೆ ನೀವು ತೂಕಡಿಸಿ ಪಕ್ಕಕ್ಕೆ ಹೋಗುತ್ತಿದ್ದೀರೆಂದು ತಿಳಿದು ಎಳೆಯುತ್ತದೆ. ಈ ದೂರುಗಳಲ್ಲಿ ಬಹಳಷ್ಟು ಇಂಡಿಕೇಟರ್ ಕಡ್ಡಿಯಲ್ಲೇ ಮುಗಿದುಹೋಗುತ್ತವೆ. ಉಳಿದವು ರಸ್ತೆಯ ತಪ್ಪು. ಹಳೆಯ ಗೆರೆ ಅಳಿಸದೆ ಪಕ್ಕದಲ್ಲಿ ಹೊಸ ಗೆರೆ ಎಳೆದಿರುತ್ತಾರೆ, ಡಾಂಬರು ತೇಪೆಯ ಅಂಚು ಬಿಸಿಲಿಗೆ ಗೆರೆಯಂತೆ ಮಿಂಚುತ್ತದೆ, ಸುಗ್ಗಿಯಲ್ಲಿ ಒಳರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿದರೆ ಗೆರೆಯೇ ಮಾಯ. ಕ್ಯಾಮೆರಾಕ್ಕೆ ಗೆರೆ ಬಿಟ್ಟರೆ ಬೇರೆ ಆಧಾರವಿಲ್ಲ. ಬಹುತೇಕ ಗಾಡಿಗಳಲ್ಲಿ ಇದು 60ರ ಆಸುಪಾಸಿನ ವೇಗಕ್ಕೆ ಎಚ್ಚೆತ್ತುಕೊಳ್ಳುತ್ತದೆ. ಹಾಗಾಗಿ ಹೈವೇಯ ಮುಖ್ಯ ರಸ್ತೆಯಲ್ಲಿ ಇರಲಿ, ಮುಖ್ಯವಾಗಿ ಬೆಳಗಿನ ಜಾವ ಮತ್ತು ಮಧ್ಯಾಹ್ನದ ಊಟವಾದ ಮೇಲೆ. ಸರ್ವಿಸ್ ರೋಡಿಗೆ ಇಳಿದಾಗ, ಊರ ಕಡೆ ತಿರುಗಿದಾಗ ಆಫ್ ಮಾಡಿ. ಸ್ಟೇರಿಂಗ್ ಮೇಲೋ ಪಕ್ಕದಲ್ಲೋ ಇದಕ್ಕೊಂದು ಗುಂಡಿ ಇರುತ್ತದೆ, ಮೆನುವಿಗೂ ಹೋಗಬೇಕಿಲ್ಲ.

ತಾನೇ ಬ್ರೇಕ್ ಹಾಕುವ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಜನರಲ್ಲಿ ಇದರ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ, ಒಂದಕ್ಕೊಂದು ತದ್ವಿರುದ್ಧ. ಸುಮ್ಮಸುಮ್ಮನೆ ಬ್ರೇಕ್ ಹಾಕಿ ಸಾಯಿಸುತ್ತದೆ ಎಂಬುದು ಒಂದು. ಇದೊಂದಿದ್ದರೆ ಗಾಡಿ ಯಾವುದಕ್ಕೂ ಗುದ್ದುವುದೇ ಇಲ್ಲ ಎಂಬುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕಾರಿ.

ಮುಂದಿನ ಗಾಜಿನ ಹಿಂದೆ, ಕನ್ನಡಿಯ ಬುಡದಲ್ಲಿ ಕ್ಯಾಮೆರಾ ಇರುತ್ತದೆ. ಹಲವು ಗಾಡಿಗಳಲ್ಲಿ ಇದರ ಜೊತೆಗೆ ಬಂಪರ್ ಅಥವಾ ಗ್ರಿಲ್ ಹಿಂದೆ ರೇಡಾರ್ ಇರುತ್ತದೆ. ರೇಡಾರ್ ದೂರ ಮತ್ತು ವೇಗ ಅಳೆಯುತ್ತದೆ, ಅದು ಲಾರಿಯೋ ಬೈಕೋ ಮನುಷ್ಯನೋ ಎಂದು ಕ್ಯಾಮೆರಾ ಗುರುತು ಹಿಡಿಯುತ್ತದೆ. ರೇಡಾರಿಗೆ ರಸ್ತೆ ಬದಿಯ ಬೋರ್ಡು, ಡಿವೈಡರ್ ಕಂಬಿ, ಫ್ಲೈಓವರ್ ತೊಲೆ ಎಲ್ಲವೂ ನಿಂತ ವಸ್ತುಗಳಾಗಿ ಕಾಣುತ್ತವೆ. ಇವೆಲ್ಲಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಗಾಡಿ ಓಡಿಸಲಾಗದು. ಆದ್ದರಿಂದ ಕ್ಯಾಮೆರಾ ಖಚಿತಪಡಿಸುವ ತನಕ ನಿಂತ ವಸ್ತುವಿಗೆ ರೇಡಾರ್ ಹೆಚ್ಚು ಬೆಲೆ ಕೊಡುವುದಿಲ್ಲ. ಹೆಚ್ಚಿನ ವೇಗದಲ್ಲಿ ಬರುತ್ತಿರುವಾಗ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ಗಾಡಿ ಪೂರ್ತಿ ನಿಲ್ಲುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಗಾಡಿಯ ಕೈಪಿಡಿಯಲ್ಲೇ ಇದನ್ನು ಬರೆದಿರುತ್ತಾರೆ, ಓದುವವರು ಕಡಿಮೆ.

ನಮ್ಮ ಕಡೆಯ ದೊಡ್ಡ ತೊಡಕು ಕಬ್ಬಿನ ಗಾಡಿ. ಕಾರ್ಖಾನೆಗಳು ಅರೆಯುವ ದಿನಗಳಲ್ಲಿ ಕೊಪ್ಪ, ಕೆ.ಎಂ.ದೊಡ್ಡಿ, ಪಾಂಡವಪುರದ ರಸ್ತೆಗಳಲ್ಲಿ ಸಂಜೆಯಾದ ಮೇಲೆ ಓಡಾಡಿದವರಿಗೆ ಹೇಳಬೇಕಿಲ್ಲ. ಟ್ರೈಲರ್‌ನ ಹಿಂಬದಿ ಮುಚ್ಚುವಂತೆ ಜಲ್ಲೆಗಳು ಹೊರಗೆ ಚಾಚಿರುತ್ತವೆ, ದೀಪ ಇರುವುದಿಲ್ಲ, ಇದ್ದರೂ ಸೋಗೆಯ ಹಿಂದೆ ಮುಚ್ಚಿಹೋಗಿರುತ್ತದೆ. ಕ್ಯಾಮೆರಾ ಕಲಿತಿರುವುದು ವಾಹನದ ಹಿಂಭಾಗದ ಆಕಾರವನ್ನು. ಕಬ್ಬಿನ ಹೊರೆ ಅದಕ್ಕೆ ವಾಹನದಂತೆ ಕಾಣದಿರಬಹುದು. ರೇಡಾರಿಗೆ ಜಲ್ಲೆಯ ತುದಿಗಿಂತ ಒಳಗಿನ ಕಬ್ಬಿಣವೇ ಎದ್ದು ಕಾಣುವುದರಿಂದ ದೂರದ ಅಂದಾಜೂ ತಪ್ಪಬಹುದು. ದನ, ಎಮ್ಮೆ, ಕುರಿ ಹಿಂಡಿನ ವಿಷಯದಲ್ಲೂ ಇದನ್ನು ನಂಬಿಕೊಂಡು ಕೂರುವಂತಿಲ್ಲ. ಅಂಥ ರಸ್ತೆಯಲ್ಲಿ ಹೆಡ್‌ಲೈಟ್ ಬೆಳಕು ಬೀಳುವಷ್ಟು ದೂರದಲ್ಲಿ ನಿಲ್ಲಬಹುದಾದ ವೇಗವೇ ನಿಮ್ಮ ಮಿತಿ. ಡಿಮ್ ಲೈಟಿನಲ್ಲಿ ಅದು 50–60ರ ಒಳಗೆ ಬರುತ್ತದೆ.

ಹಾಗಾದರೆ ಬೈಕ್ ಅಡ್ಡ ಬಂದಾಗ ಆದದ್ದೇನು? ಅಲ್ಲಿ ಗಾಡಿ ತಪ್ಪು ಮಾಡಿಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಹೈವೇಯ ಮುಖ್ಯ ರಸ್ತೆ ಬಂದ್ ಆಗಿದೆ, ಅವೆಲ್ಲ ಸರ್ವಿಸ್ ರೋಡಿನಲ್ಲೇ ಇರುತ್ತವೆ. ಅಲ್ಲಿ ಒಂದು ಅಡಿ ಅಂತರದಲ್ಲಿ ನುಗ್ಗುವುದು ನಮಗೆ ಮಾಮೂಲು. ಬೈಕಿನವನು ಹಾಗೇ ದಾಟಿ ಹೋಗುತ್ತಾನೆಂದು ನಿಮಗೆ ಗೊತ್ತು, ಗಾಡಿಗೆ ಗೊತ್ತಿಲ್ಲ. ಅದು ಮೊದಲು ಕೂಗಿ, ಆಮೇಲೆ ಸಣ್ಣದಾಗಿ ಬ್ರೇಕ್ ಕಚ್ಚಿ, ಕೊನೆಗೆ ಪೂರ್ತಿ ಹಿಡಿಯುತ್ತದೆ. ಅಡ್ಡ ನುಗ್ಗಿದಾಗ ಈ ಮೂರೂ ಹಂತಕ್ಕೆ ಸಮಯ ಸಿಗದೆ ಒಮ್ಮೆಗೇ ಹಿಡಿದಂತೆ ಅನ್ನಿಸುತ್ತದೆ. ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಗಟ್ಟಿಯಾಗಿ ಇದ್ದರೆ ಅಥವಾ ಸ್ಟೇರಿಂಗ್ ಚುರುಕಾಗಿ ತಿರುಗಿದರೆ ಹೆಚ್ಚಿನ ಗಾಡಿಗಳು ನಿಮ್ಮ ಮಾತಿಗೇ ಬಿಟ್ಟುಕೊಡುತ್ತವೆ.

ಪೂರ್ತಿ ಆಫ್ ಮಾಡಿದರೆ ಬಸ್ಸು ಹಿಂದಿನಿಂದ ಗುದ್ದುವ ಭಯ ಕಡಿಮೆಯಾಗುತ್ತದೆ, ನಿಮ್ಮ ಗಮನ ಒಂದು ಕ್ಷಣ ತಪ್ಪಿದಾಗ ಕಾಯುವವರು ಯಾರೂ ಇರುವುದಿಲ್ಲ. ಎಚ್ಚರಿಕೆ ಮಾತ್ರ ಇಟ್ಟು ಬ್ರೇಕ್ ಬಿಟ್ಟರೆ ಕೂಗು ಉಳಿಯುತ್ತದೆ, ಕೆಲಸ ಉಳಿಯುವುದಿಲ್ಲ. ಬ್ರೇಕ್ ಆನ್ ಇಟ್ಟು ಎಚ್ಚರಿಕೆಯ ಸಮಯವನ್ನು ‘ಲೇಟ್’ ಎಂಬಲ್ಲಿಗೆ ಬದಲಿಸಿಕೊಳ್ಳುವುದು ನನ್ನ ಸಲಹೆ. ಮೆನುವಿನಲ್ಲಿ ‘ಅರ್ಲಿ, ನಾರ್ಮಲ್, ಲೇಟ್’ ಎಂದು ಇರುತ್ತದೆ. ನಮ್ಮ ದಟ್ಟಣೆಗೆ ‘ಅರ್ಲಿ’ ಆಗಿಬರುವುದಿಲ್ಲ. ಕೂಗು ಬಹಳ ಕಡಿಮೆಯಾಗುತ್ತದೆ, ನಿಜವಾದ ಸಂಕಟದಲ್ಲಿ ಬ್ರೇಕ್ ಇರುತ್ತದೆ.

ಹಿಂದಿನ ಬಸ್ಸಿಗೂ ಒಂದು ಉಪಾಯವಿದೆ. ಮುಂದೆ ನೀವು ಹೆಚ್ಚು ಜಾಗ ಬಿಟ್ಟುಕೊಂಡರೆ ನಿಮಗೆ ಒಮ್ಮೆಗೇ ಬ್ರೇಕ್ ಹಿಡಿಯುವ ಪ್ರಸಂಗ ಕಡಿಮೆ ಬರುತ್ತದೆ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಎಂದು ನಿಧಾನವಾಗಿ ಎಣಿಸಿ. ಅಷ್ಟರೊಳಗೆ ನೀವು ಆ ಕಂಬ ತಲುಪಿದರೆ ತೀರಾ ಹತ್ತಿರ ಇದ್ದೀರಿ. 80ರಲ್ಲಿ ಮೂರು ಸೆಕೆಂಡು ಅಂದರೆ 67 ಮೀಟರ್. ಆ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ ಎನ್ನುತ್ತೀರಿ, ನಿಜ. ನುಗ್ಗಲಿ, ಮತ್ತೆ ಬಿಟ್ಟುಕೊಳ್ಳಿ.

ಮಾವನವರ ಕ್ಲಿಪ್ಪನ್ನು ಮಾತ್ರ ಇವತ್ತೇ ಕಸದ ಬುಟ್ಟಿಗೆ ಹಾಕಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶ ಹೊರಡಿಸಿ ಇಂಥ ಕ್ಲಿಪ್‌ಗಳ 13 ಸಾವಿರಕ್ಕೂ ಹೆಚ್ಚು ಆನ್‌ಲೈನ್ ಮಾರಾಟ ಪುಟಗಳನ್ನು ತೆಗೆಸಿತು. ಆದರೂ ಅಂಗಡಿಗಳಲ್ಲಿ ಸಿಗುತ್ತವೆ. ಬೆಲ್ಟ್ ಹಾಕದಿದ್ದರೆ 1000 ರೂಪಾಯಿ ದಂಡ ಎಂಬುದು ಸಣ್ಣ ವಿಷಯ. ಹಿಂದೆ ಬೆಲ್ಟಿಲ್ಲದೆ ಕೂತವರು ಡಿಕ್ಕಿಯಾದಾಗ ಮುಂದಿನ ಸೀಟಿಗೆ ಬಡಿಯುತ್ತಾರೆ, ಆ ಭಾರ ಮುಂದೆ ಬೆಲ್ಟ್ ಹಾಕಿ ಕೂತ ನಿಮ್ಮ ಬೆನ್ನಿನ ಮೇಲೂ ಬೀಳುತ್ತದೆ. ಮುಂದಿನ ಸೀಟಿನಲ್ಲಿ ಕ್ಲಿಪ್ ಹಾಕಿದರೆ ಇನ್ನೊಂದು ತೊಂದರೆ. ಬೆಲ್ಟ್ ಹಾಕಿದ್ದಾರೆಂದು ಗಾಡಿ ನಂಬುತ್ತದೆ. ಏರ್‌ಬ್ಯಾಗ್ ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಬೇಗ ಸಿಡಿಯುತ್ತದೆ, ಬೆಲ್ಟ್ ಹಿಡಿದಿಟ್ಟ ದೇಹಕ್ಕೆಂದೇ ಅದರ ಲೆಕ್ಕ. ಬೆಲ್ಟಿಲ್ಲದೆ ಮುಂದಕ್ಕೆ ಜಾರಿದವರಿಗೆ ಅದೇ ಏಟು.

ಹಿರಿಯರು ಬೆಲ್ಟ್ ಬೇಡವೆನ್ನಲು ಸಾಮಾನ್ಯವಾಗಿ ಕಾರಣವಿರುತ್ತದೆ, ಹಟ ಎಂದು ಬಿಡಬೇಡಿ. ಪಂಚೆ ಉಟ್ಟವರಿಗೆ ಸೊಂಟದ ಪಟ್ಟಿ ಹೊಟ್ಟೆಗೆ ಏರಿ ಒತ್ತುತ್ತದೆ. ಅದನ್ನು ಹೊಟ್ಟೆಯಿಂದ ಕೆಳಗೆ, ಸೊಂಟದ ಮೂಳೆಯ ಮೇಲೆ, ಟವೆಲ್ ಅಥವಾ ಶಾಲಿನ ಅಡಿಗೆ ಬರುವಂತೆ ಕೂರಿಸಿ. ಭುಜದ ಪಟ್ಟಿ ಕುತ್ತಿಗೆ ಉಜ್ಜಿದರೆ ಒಂದು ಸಣ್ಣ ದಿಂಬಿನ ಮೇಲೆ ಕೂರಿಸುವ ಬದಲು ಬಾಗಿಲ ಕಡೆಯಿಂದ ಸ್ವಲ್ಪ ಮಧ್ಯಕ್ಕೆ ಸರಿದು ಕೂತು ನೋಡಲಿ. ಬೆಲ್ಟನ್ನು ಜಗ್ಗಿ ಎಳೆದರೆ ಲಾಕ್ ಆಗುತ್ತದೆ. ಒಮ್ಮೆ ಪೂರ್ತಿ ಒಳಗೆ ಬಿಟ್ಟು ನಿಧಾನಕ್ಕೆ ಎಳೆಯಬೇಕು. ಹಿಂದಿನ ಸೀಟಿನ ಬಕಲ್ ಸೀಟ್ ಕವರ್ ಒಳಗೆ ಹೂತುಹೋಗಿದ್ದರೆ ಅದೇ ಮುಖ್ಯ ಕಾರಣವಿರಬಹುದು. ಬೆರಳಿಗೆ ಸಿಗದ ಬಕಲ್‌ಗೆ ಎಪ್ಪತ್ತು ದಾಟಿದವರು ಎಷ್ಟು ಹೊತ್ತು ಗುದ್ದಾಡಿಯಾರು?

ಸೀಟ್ ಕವರ್ ಮಾತು ಬಂತಲ್ಲ, ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂಬ ಚಿಕ್ಕ ಚೀಟಿ ಇದ್ದರೆ ಅಲ್ಲಿ ಸೈಡ್ ಏರ್‌ಬ್ಯಾಗ್ ಇದೆ ಎಂದರ್ಥ. ಗಟ್ಟಿ ಹೊಲಿಗೆಯ ಕವರ್ ಅದನ್ನು ಮುಚ್ಚಿದರೆ ಬ್ಯಾಗ್ ಬಿಚ್ಚಿಕೊಳ್ಳಲಾರದು. ಕವರ್ ಹಾಕುವಾಗ ಸೀಟಿನಡಿಯ ಹಳದಿ ಕನೆಕ್ಟರ್ ಅಲುಗಿ ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುವುದೂ ಸಾಮಾನ್ಯ. ಅದನ್ನು ಮನೆಯಲ್ಲಿ ಎಳೆದಾಡದೆ ಸರ್ವಿಸ್‌ನವರಿಗೆ ತೋರಿಸಿ. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಇಟ್ಟಾಗ ಕೂಗುವುದು ತೂಕದಿಂದ. ಚೀಲ ಕೆಳಗಿಡಿ, ಅಷ್ಟೇ.

ಈಗ ಅತ್ತೆಯವರ ಪ್ರಶ್ನೆ. ಇದು ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ತೀರಿಕೊಂಡದ್ದು ಆ ಕಡೆಯವರಿಗೆ ಮರೆಯುವಂಥದ್ದಲ್ಲ. ಆಟೊ ಲಾಕ್ ಆದ ಬಾಗಿಲು ಒಳಗಿನಿಂದ ತೆಗೆಯಲಿಕ್ಕೇ ಬರುವುದಿಲ್ಲ ಎಂಬುದು ತಪ್ಪು. ಹೆಚ್ಚಿನ ಗಾಡಿಗಳಲ್ಲಿ ಮುಂದಿನ ಬಾಗಿಲಿನ ಒಳಹಿಡಿಕೆ ಎಳೆದರೆ ಲಾಕ್ ತಾನೇ ಬಿಡುತ್ತದೆ, ಕೆಲವಕ್ಕೆ ಎರಡು ಸಲ ಎಳೆಯಬೇಕು. ಹಿಂದೆ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನಿಂದ ತೆಗೆಯಲಾಗದು. ಏರ್‌ಬ್ಯಾಗ್ ಸಿಡಿದರೆ ಬಾಗಿಲುಗಳು ತಾವೇ ಅನ್‌ಲಾಕ್ ಆಗುವ ಗಾಡಿಗಳಿವೆ, ಆದರೆ ನೀರಿಗೆ ಜಾರಿದಾಗ ಏರ್‌ಬ್ಯಾಗ್ ಸಿಡಿಯದೇ ಇರಬಹುದು.

ನಿಜವಾದ ಅಡ್ಡಿ ಲಾಕ್ ಅಲ್ಲ, ನೀರಿನ ಒತ್ತಡ. ನೀರು ಬಾಗಿಲಿನ ಅರ್ಧಕ್ಕೆ ಬಂದರೆ ಗಟ್ಟಿಮುಟ್ಟಾದ ಗಂಡಸಿಗೂ ಅದನ್ನು ತಳ್ಳಲಾಗದು. ತಳ್ಳಿ ತೆರೆದರೂ ಗಾಡಿ ಬೇಗ ತುಂಬಿ ಮುಳುಗುತ್ತದೆ. ಕಾರು ಬಿದ್ದೊಡನೆ ಮುಳುಗುವುದಿಲ್ಲ, ಸಾಮಾನ್ಯವಾಗಿ ಅರ್ಧದಿಂದ ಒಂದೆರಡು ನಿಮಿಷ ತೇಲುತ್ತದೆ. ಪವರ್ ವಿಂಡೋ ಅಷ್ಟು ಹೊತ್ತಿನ ಮೊದಲ ಭಾಗದಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ದಾಟಿಸಿ, ನೀವು ಹೊರಬನ್ನಿ. ಫೋನ್ ಮಾಡಲು ಕೂರಬೇಡಿ, ಒಳಗೆ ನೀರು ತುಂಬಿದ ಮೇಲೆ ಬಾಗಿಲು ತೆರೆಯುತ್ತದೆಂದು ಕಾಯಬೇಡಿ.

ಕಿಟಕಿ ಇಳಿಯದಿದ್ದರೆ ಗಾಜು ಒಡೆಯಬೇಕು. ಹೆಡ್‌ರೆಸ್ಟ್ ಕಿತ್ತು ಅದರ ಕಂಬಿಯಿಂದ ಒಡೆಯಿರಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಅಸಾಧ್ಯವೇನಲ್ಲ, ಆದರೆ ಆ ಗಾಬರಿಯಲ್ಲಿ, ಆ ಇಕ್ಕಟ್ಟಿನಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಸ್ಪ್ರಿಂಗ್ ಇರುವ ಗಾಜು ಒಡೆಯುವ ಪುಟ್ಟ ಸಾಧನ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದು ಬದಿಯಲ್ಲಿ ಬೆಲ್ಟ್ ಕತ್ತರಿಸುವ ಬ್ಲೇಡ್ ಇರುವುದನ್ನೇ ತಗೊಳ್ಳಿ. ಡಿಕ್ಕಿಯಲ್ಲೋ ಗ್ಲೋವ್ ಬಾಕ್ಸಿನ ತಳದಲ್ಲೋ ಇಟ್ಟರೆ ಪ್ರಯೋಜನವಿಲ್ಲ. ಬೆಲ್ಟ್ ಹಾಕಿ ಕೂತಾಗ ಕೈಗೆ ಸಿಗುವ ಕಡೆ ಕಟ್ಟಿ, ಹಿಂದಿನ ಸೀಟಿಗೂ ಒಂದಿರಲಿ. ಪಕ್ಕದ ಕಿಟಕಿಯ ಮೂಲೆಗೆ ಒತ್ತಬೇಕು, ಮುಂದಿನ ಗಾಜಿಗಲ್ಲ. ಮುಂದಿನದು ಲ್ಯಾಮಿನೇಟೆಡ್, ಅಂದರೆ ನಡುವೆ ಪ್ಲಾಸ್ಟಿಕ್ ಪದರವಿರುವ ಗಾಜು, ಬಿರುಕು ಬಿಡುತ್ತದೆಯೇ ಹೊರತು ಪುಡಿಯಾಗದು. ಪಕ್ಕದ ಗಾಜೂ ಲ್ಯಾಮಿನೇಟೆಡ್ ಇರಬಹುದು, ಯಾವ ಬಗೆಯದೆಂದು ಅದರ ಮೂಲೆಯ ಅಚ್ಚಿನಲ್ಲಿ ಮೊದಲೇ ನೋಡಿಕೊಳ್ಳಿ. ಸನ್ ಫಿಲ್ಮ್ ಅಂಟಿಸಿದ್ದರೆ ಒಡೆದ ಚೂರುಗಳು ಫಿಲ್ಮಿಗೆ ಕಚ್ಚಿಕೊಂಡು ನಿಲ್ಲುತ್ತವೆ, ಕಾಲಿನಿಂದ ಹೊರಗೆ ಒದೆಯಬೇಕಾಗುತ್ತದೆ.

ಆಟೊ ಲಾಕ್‌ಗೂ ಉಪಯೋಗವಿದೆ. ಗಾಡಿ ಡಿಕ್ಕಿ ಹೊಡೆದಾಗ ಬಾಗಿಲು ತೆರೆದುಕೊಳ್ಳದಂತೆ, ಓಡುವ ಗಾಡಿಯ ಬಾಗಿಲನ್ನು ಮಗು ತೆಗೆಯದಂತೆ ಅದು ತಡೆಯುತ್ತದೆ. ಹೈವೇಯಲ್ಲಿ ಇರಲಿ. ಏರಿ ಹತ್ತುವ ಮುನ್ನ ಗಾಡಿ ನಿಲ್ಲಿಸಿ ಅನ್‌ಲಾಕ್ ಗುಂಡಿ ಒತ್ತಿ, ಎಲ್ಲ ಕಿಟಕಿಗಳನ್ನು ಅರ್ಧ ಇಳಿಸಿ, 20–30ರಲ್ಲಿ ಹೋಗಿ. ಮತ್ತೆ ತಾನೇ ಲಾಕ್ ಆಗುವ ಗಾಡಿಯಾದರೆ ಮೆನುವಿನಲ್ಲಿ ಆಟೊ ಲಾಕ್ ತೆಗೆಯಿರಿ. ಧೂಳು ಬರುತ್ತದೆಂದು ಅತ್ತೆ ಗೊಣಗಿದರೂ ಕಿಟಕಿ ಏರಿಸಬೇಡಿ. ಏರಿಯ ಅಂಚು ಎಲ್ಲಿದೆ ಎಂಬುದು ಲೇನ್ ಅಸಿಸ್ಟ್‌ಗೂ ಗೊತ್ತಿಲ್ಲ, ಪಾರ್ಕಿಂಗ್ ಸೆನ್ಸರ್‌ಗೂ ಗೊತ್ತಿಲ್ಲ. ಎದುರಿಗೆ ಗಾಡಿ ಬಂದು ರಿವರ್ಸ್ ತಗೊಳ್ಳಬೇಕಾದರೆ ಒಬ್ಬರು ಇಳಿದು ಹಿಂದೆ ನಿಂತು ಹೇಳಲಿ.

ಉಳಿದವನ್ನು ಬೇಗ ಹೇಳುತ್ತೇನೆ. ಎದುರಿನ ಬೆಳಕು ನೋಡಿ ಹೆಡ್‌ಲೈಟನ್ನು ತಾನೇ ಡಿಮ್ ಮಾಡುವ ಆಟೊ ಹೈಬೀಮ್ ಹೈವೇಯಲ್ಲಿ ಸರಿ, ದೀಪವಿಲ್ಲದ ಸೈಕಲ್, ಎತ್ತಿನಗಾಡಿ ಅದಕ್ಕೆ ಕಾಣದು. ಒಳರಸ್ತೆಯಲ್ಲಿ ಕೈಯಿಂದಲೇ ಡಿಮ್ ಮಾಡಿ. ಟೈರ್ ಗಾಳಿಯ ದೀಪ ಚಳಿಗಾಲದ ಬೆಳಿಗ್ಗೆ ಹತ್ತಿದರೆ ಗಾಳಿ ನಿಜಕ್ಕೂ ಅಂಚಿನಲ್ಲಿದೆ, ಚಾಲಕರ ಬಾಗಿಲ ಕಂಬದಲ್ಲಿರುವ ಚೀಟಿಯಷ್ಟು ತುಂಬಿಸಿ. ಹೈವೇಗೆ ಗಾಳಿ ಕಡಿಮೆ ಇರಬೇಕೆಂಬ ಮಾತು ಕೇಳಬೇಡಿ, ಗಾಳಿ ಕಡಿಮೆಯಾದ ಟೈರೇ ಬಿಸಿಯಾಗಿ ಸಿಡಿಯುವುದು.

ಕ್ಯಾಮೆರಾ ಮತ್ತು ರೇಡಾರ್ ಮುಂದಿನ ಜಾಗ ಚೊಕ್ಕಟವಾಗಿರಬೇಕು. ಫಾಸ್ಟ್ಯಾಗ್ ಅಂಟಿಸುವವರು ಗಾಜಿನ ಮಧ್ಯದ ಮೇಲ್ಭಾಗವನ್ನೇ ಹುಡುಕುತ್ತಾರೆ, ಕ್ಯಾಮೆರಾ ಇರುವುದೂ ಅಲ್ಲೇ. ಅದರ ಕಣ್ಣಿನ ಮುಂದೆ ಬಾರದಂತೆ ಪಕ್ಕಕ್ಕೆ ಅಂಟಿಸಿ. ಆಯುಧಪೂಜೆಯ ಮಾರನೆಯ ದಿನ ಮೈಸೂರಿನ ಸುತ್ತಮುತ್ತ ‘ರೇಡಾರ್ ಬ್ಲಾಕ್ಡ್’ ಎಂಬ ಸಂದೇಶ ಬಂದರೆ ಗಾಬರಿ ಬೇಡ, ಗ್ರಿಲ್ ಮೇಲಿನ ಹೂವಿನ ಹಾರ, ಬಾಳೆಕಂದು ತೆಗೆದು ಅರಿಶಿನ ಕುಂಕುಮ ಒರೆಸಿದರೆ ಸರಿಹೋಗುತ್ತದೆ. ಬಂಪರ್ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಡಿ, ರೇಡಾರಿಗೆ ಅಡ್ಡ, 2017ರ ಕೊನೆಯಿಂದ ಸರ್ಕಾರದ ನಿಷೇಧವೂ ಇದೆ.

ಜಲ್ಲಿ ಸಿಡಿದು ಮುಂದಿನ ಗಾಜು ಬದಲಿಸಬೇಕಾಗಿ ಬಂದರೆ ಕ್ಯಾಮೆರಾ ಕ್ಯಾಲಿಬ್ರೇಷನ್ (ಅದರ ನೋಟವನ್ನು ಅಳೆದು ಸರಿಹೊಂದಿಸುವುದು) ಆಗಲೇಬೇಕು. ಕ್ಯಾಮೆರಾ ಒಂದೇ ಒಂದು ಡಿಗ್ರಿ ಓರೆಯಾದರೂ 50 ಮೀಟರ್ ದೂರದಲ್ಲಿ ಅದರ ನೋಟ ಸುಮಾರು 87 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಪಕ್ಕದ ಲೇನಿನ ಲಾರಿಯನ್ನು ನಿಮ್ಮ ಲೇನಿನದೆಂದು ತಿಳಿದು ಬ್ರೇಕ್ ಹಾಕುವುದು ಹೀಗೇ. ಬಂಪರ್ ಬಿಚ್ಚಿ ಬಣ್ಣ ಹೊಡೆಸಿದ ಮೇಲೆ ರೇಡಾರ್ ವಿಷಯದಲ್ಲೂ ಇದೇ ಮಾತು. ಗಾಜಿನ ಅಂದಾಜು ಪಟ್ಟಿ ಕೊಡುವಾಗಲೇ ಕ್ಯಾಲಿಬ್ರೇಷನ್ ಅದರಲ್ಲಿ ಸೇರಿದೆಯೇ, ವಿಮೆಯವರು ಅದಕ್ಕೆ ಕೊಡುತ್ತಾರೆಯೇ ಎಂದು ಕೇಳಿ. ಗಾಡಿ ಬಿಡಿಸಿಕೊಳ್ಳುವಾಗ ಆದದ್ದಕ್ಕೆ ಮುದ್ರಿತ ವರದಿ ಪಡೆದುಕೊಳ್ಳಿ.